ಗಾಡಿಯೇ ಮನೆಯಾದಾಗ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಸಾಗರದ ಅತ್ತೆಮನೆಯ ಅಟ್ಟಕ್ಕೆ ಏರಿಸಿ, ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ವ್ಯಾನೊಂದನ್ನೇ ಮನೆ ಮಾಡಿಕೊಂಡು ನಾನೂ ನಮ್ಮವರೂ ಹೊರಟೆವು. ಮೊದಲ ತಿಂಗಳಲ್ಲೇ ಮೂರು ಸಾವಿರ ಕಿಲೋಮೀಟರ್ ಓಡಿಸಿದೆವು. ಕಾರವಾರದಿಂದ ಕರಾವಳಿ ಹಿಡಿದು ಕನ್ಯಾಕುಮಾರಿ, ಅಲ್ಲಿಂದ ರಾಮೇಶ್ವರ, ತಿರುಗಿ ಮೇಲಕ್ಕೆ ಹಂಪಿ, ಬಾದಾಮಿ. ಹೊರಡುವ ಮೊದಲು ನಾನು ಬರೆದಿಟ್ಟಿದ್ದ ಬಜೆಟ್ ಮನೆಯಲ್ಲಿ ಬರೆಯುತ್ತಿದ್ದಂಥದ್ದೇ: ಊಟಕ್ಕಿಷ್ಟು, ಪೆಟ್ರೋಲಿಗಿಷ್ಟು, ಇತರೆ ಇಷ್ಟು. ಬಾಡಿಗೆ ಕಟ್ಟುವುದಿಲ್ಲವಲ್ಲ ಎಂಬ ಧೈರ್ಯ ಬೇರೆ. ಇಪ್ಪತ್ತೊಂದನೇ ದಿನಕ್ಕೆ ತಿಂಗಳ ದುಡ್ಡು ಮುಗಿದಿತ್ತು.

ಬಾದಾಮಿಯಲ್ಲಿ ಒಂದು ಸಂಜೆ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತಾಗ ವಿಷಯ ತಲೆಗೆ ಹೋಯಿತು. ಮನೆಯ ಖರ್ಚು ತಿಂಗಳಿಗೆ ಅಂಟಿಕೊಂಡಿರುತ್ತದೆ. ರಸ್ತೆಯ ಖರ್ಚು ಚಕ್ರಕ್ಕೆ ಅಂಟಿಕೊಂಡಿರುತ್ತದೆ. ಚಕ್ರ ತಿರುಗಿದಷ್ಟೂ ದುಡ್ಡು ಸವೆಯುತ್ತದೆ, ನಿಂತರೆ ಉಳಿಯುತ್ತದೆ. ಲಾರಿ ಓಡಿಸುವವರಿಗೆ ಇದು ಹೊಸದಲ್ಲ, ಅವರು ಮಾತಾಡುವುದೇ ಕಿಲೋಮೀಟರಿಗೆ ಇಷ್ಟು ಎಂದು. ನಮಗೆ ಒಂದು ತಿಂಗಳು ಬೇಕಾಯಿತು.

ಆವತ್ತಿನಿಂದ ನಾವು ಮೂರು ಮೀಟರ್ ಇಟ್ಟುಕೊಂಡಿದ್ದೇವೆ: ಕಿಲೋಮೀಟರಿನದು, ದಿನದ್ದು, ವರ್ಷದ್ದು. ನೀವೂ ಪೂರ್ತಿ ರಸ್ತೆಯ ಬದುಕಿಗೆ ಇಳಿಯುವವರಾದರೆ ಈ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಕೊನೆಗೆ ಕೂಡಿಸಿ. ಕೆಳಗಿನ ಮೊತ್ತಗಳು ಇಬ್ಬರ ನಮ್ಮ ಸಂಸಾರದವು. ನಿಮ್ಮ ಗಾಡಿ, ನಿಮ್ಮ ಊಟ ಬೇರೆ ಇರುತ್ತದೆ. ಮೊತ್ತ ಬಿಟ್ಟು ವಿಧಾನವನ್ನು ತೆಗೆದುಕೊಳ್ಳಿ.

ಮೊದಲು ಕಿಲೋಮೀಟರಿನ ಬೆಲೆ ಕಂಡುಹಿಡಿಯಿರಿ

ಕಂಪನಿ ಹೇಳುವ ಮೈಲೇಜು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಸಿಗೆ, ಪಾತ್ರೆ, ನೀರಿನ ಕ್ಯಾನು, ಸಿಲಿಂಡರು, ಬಟ್ಟೆಯ ಟ್ರಂಕು ಎಲ್ಲ ಹೇರಿದ ಮೇಲೆ ಗಾಡಿ ಕೊಡುವುದೇ ನಿಜವಾದ ಮೈಲೇಜು. ಟ್ಯಾಂಕ್ ಬಾಯಿಮಟ್ಟ ತುಂಬಿಸಿ ರೀಡಿಂಗ್ ಬರೆದುಕೊಳ್ಳಿ. ಮತ್ತೆ ಬಾಯಿಮಟ್ಟ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಓಡಿತು ಎಂದು ಭಾಗಿಸಿ. ಹೀಗೆ ಮೂರು ಸಲವಾದರೂ ಮಾಡಿ. ಒಂದು ಸಲ ಬಯಲುಸೀಮೆಯಲ್ಲಿ, ಒಂದು ಸಲ ಘಾಟಿಯಲ್ಲಿ ಆದರೆ ಒಳ್ಳೆಯದು. ಚಾರ್ಮಾಡಿ ಹತ್ತುವಾಗ ಕುಡಿಯುವ ಪೆಟ್ರೋಲಿಗೂ ಚಿತ್ರದುರ್ಗದ ನೇರ ರಸ್ತೆಯಲ್ಲಿ ಕುಡಿಯುವುದಕ್ಕೂ ತುಂಬ ವ್ಯತ್ಯಾಸವಿದೆ.

ನಮ್ಮ ವ್ಯಾನ್ ಲೀಟರಿಗೆ 13 ಕಿಲೋಮೀಟರ್ ಕೊಡುತ್ತದೆ. ಪೆಟ್ರೋಲ್ 104 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 8 ರೂಪಾಯಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪಾಗುವುದೂ ಇಲ್ಲಿಯೇ. ಟೈರು, ಆಯಿಲ್, ಬ್ರೇಕ್ ಎಲ್ಲವೂ ಕಿಲೋಮೀಟರಿನ ಜೊತೆಗೇ ಸವೆಯುತ್ತವೆ. ನಾಲ್ಕು ಟೈರಿಗೆ 20,000 ರೂಪಾಯಿ, ಬಾಳಿಕೆ 40,000 ಕಿಲೋಮೀಟರ್: ಕಿಲೋಮೀಟರಿಗೆ 50 ಪೈಸೆ. ಪ್ರತಿ 10,000 ಕಿಲೋಮೀಟರಿಗೆ ಒಂದು ಸರ್ವಿಸು, 6,000 ರೂಪಾಯಿ: 60 ಪೈಸೆ. ಕ್ಲಚ್, ಬ್ರೇಕ್, ಬೇರಿಂಗು, ಬ್ಯಾಟರಿ ಇವಕ್ಕೆಲ್ಲ ಸೇರಿ 90 ಪೈಸೆ. ಒಟ್ಟು 2 ರೂಪಾಯಿ. ಅಂದರೆ ನಮ್ಮ ಚಕ್ರ ಒಂದು ಕಿಲೋಮೀಟರ್ ಉರುಳಿದರೆ 10 ರೂಪಾಯಿ.

ಈ 2 ರೂಪಾಯಿಯನ್ನು ಕಾಗದದ ಮೇಲೆ ಬರೆದು ಬಿಡಬೇಡಿ, ನಿಜವಾಗಿಯೂ ಎತ್ತಿಡಿ. ನಾವು ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಬಿಲ್ಲಿನ ಕಾಲು ಭಾಗವನ್ನು ಅಲ್ಲೇ ನಿಂತು ಇನ್ನೊಂದು ಖಾತೆಗೆ ಕಳಿಸುತ್ತೇವೆ. 2,000 ರೂಪಾಯಿಯ ಪೆಟ್ರೋಲಾದರೆ 500 ಆ ಕಡೆ. ಟೈರು ಬದಲಿಸುವ ದಿನ ಬಂದಾಗ ತಿಂಗಳ ದುಡ್ಡಿಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಒಳಗೆ ಬಂದಿಲ್ಲ. ಪ್ರತಿ ರಾಜ್ಯ ತನ್ನ ತೆರಿಗೆ ಹಾಕುವುದರಿಂದ ಗಡಿ ದಾಟಿದರೆ ಬೆಲೆ ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ಕೇರಳ, ತೆಲಂಗಾಣ, ಆಂಧ್ರಗಳಲ್ಲಿ ಕರ್ನಾಟಕಕ್ಕಿಂತ ಹೆಚ್ಚು, ಗೋವಾದಲ್ಲಿ ಕಡಿಮೆ. ಕಾಸರಗೋಡಿನ ಕಡೆ ಹೊರಟರೆ ತಲಪಾಡಿಗೆ ಮೊದಲೇ ತುಂಬಿಸಿಕೊಳ್ಳುವುದು ಜಾಣತನ. 35 ಲೀಟರಿಗೆ ಲೀಟರಿನ ಮೇಲೆ 5 ರೂಪಾಯಿ ಉಳಿದರೂ 175 ರೂಪಾಯಿ ಆಯಿತು. ಆದರೆ ಅದಕ್ಕೆಂದೇ 20 ಕಿಲೋಮೀಟರ್ ಸುತ್ತಿದರೆ ಸುತ್ತಿಗೇ 200 ಹೋಯಿತು. ಕಿಲೋಮೀಟರಿನ ಬೆಲೆ ಗೊತ್ತಿದ್ದರೆ ಇಂಥ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ.

ಟೋಲ್ ವಿಚಾರ. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ. ಬಂದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನಿಗೆ ಮಾತ್ರ ಸಿಗುತ್ತದೆ, ಹಳದಿ ಬೋರ್ಡಿಗೆ ಇಲ್ಲ. ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿಯ ಟೋಲಿಗೆ ಟ್ಯಾಗಿನಲ್ಲಿ ಬೇರೆ ದುಡ್ಡಿರಬೇಕು. ವರ್ಷಕ್ಕೆ ನಲವತ್ತು ಸಲಕ್ಕಿಂತ ಹೆಚ್ಚು ಹೆದ್ದಾರಿ ಟೋಲ್ ದಾಟುವವರಾದರೆ ತೆಗೆದುಕೊಳ್ಳಿ. ಊರಿಂದೂರಿಗೆ ಒಳರಸ್ತೆ ಹಿಡಿದು ನಿಧಾನ ಹೋಗುವವರು ಮೊದಲು ಎಣಿಸಿ ನೋಡಿ. ಟ್ಯಾಗ್ ಖಾಲಿ ಬಿಟ್ಟು ಹೆದ್ದಾರಿಗೆ ಹೋಗಬೇಡಿ: 2025ರ ನವೆಂಬರ್ 15ರ ನಿಯಮದಂತೆ ಸರಿಯಾದ ಟ್ಯಾಗ್ ಇಲ್ಲದೆ ಯುಪಿಐಯಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು ಶುಲ್ಕ.

ದಿನದ ಮೀಟರ್

ಗಾಡಿ ನಿಂತಿರಲಿ, ಓಡುತ್ತಿರಲಿ, ಹೊಟ್ಟೆ, ನೀರು, ನಿದ್ದೆಗಳ ಖರ್ಚು ನಡೆದೇ ಇರುತ್ತದೆ. ಇಬ್ಬರಿಗೆ ನಮ್ಮ ದಿನ ಹೀಗಿದೆ: ಅಕ್ಕಿ, ಬೇಳೆ, ಹಾಲು, ತರಕಾರಿಗೆ 220. ಹೊರಗಿನ ಕಾಫಿ ತಿಂಡಿಗೆ 120. ಗ್ಯಾಸಿಗೆ 20. ನೀರು, ಸ್ನಾನ, ಶೌಚಾಲಯಕ್ಕೆ 50. ಬಟ್ಟೆ ಒಗೆಯುವುದಕ್ಕೆ 20. ರಾತ್ರಿ ತಂಗುವುದಕ್ಕೆ 120. ಒಟ್ಟು 550, ತಿಂಗಳಿಗೆ 16,500.

ಕೊನೆಯ ಬಾಬತ್ತನ್ನು ಬಿಡಿಸಿ ಹೇಳಬೇಕು. ವ್ಯಾನಿನಲ್ಲಿ ಮಲಗುವವರಿಗೆ ರಾತ್ರಿಯ ಖರ್ಚೆಲ್ಲಿಂದ ಬಂತು ಎಂದು ಮನೆಯವರೂ ಕೇಳಿದ್ದರು. ತಿಂಗಳ ಮೂವತ್ತೂ ರಾತ್ರಿ ಗಾಡಿಯಲ್ಲಿ ಕಳೆಯಲು ಆಗುವುದಿಲ್ಲ. ಜ್ವರ ಬರುತ್ತದೆ. ಮುಟ್ಟಿನ ದಿನಗಳಲ್ಲಿ ಒಂದು ಬಚ್ಚಲುಮನೆ, ಒಂದು ಬಾಗಿಲು ಬೇಕೇಬೇಕು ಅನಿಸುತ್ತದೆ. ನಮ್ಮವರಿಗೆ ಪರೀಕ್ಷೆಯ ಸಮಯದಲ್ಲಿ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡಲು ಸದ್ದಿಲ್ಲದ ಕೋಣೆ ಬೇಕು. ಅದಕ್ಕೆ ತಿಂಗಳಿಗೆ ಮೂರು ರಾತ್ರಿ ಲಾಡ್ಜು, ರಾತ್ರಿಗೆ 1,000. ಪಾರ್ಕಿಂಗಿಗೆ 600. ಸೇರಿ 3,600, ದಿನಕ್ಕೆ 120. ಈ ಮೂರು ರಾತ್ರಿಗಳನ್ನು ಬಜೆಟ್ಟಿನಲ್ಲೇ ಬರೆದಿಟ್ಟ ಮೇಲೆ ನಾನು ಲಾಡ್ಜಿನ ಬಾಗಿಲಲ್ಲಿ ದುಡ್ಡು ಹಾಳು ಮಾಡುತ್ತಿದ್ದೇನೆಂದು ಹಳಹಳಿಸುವುದು ನಿಂತಿತು.

ಲಾಡ್ಜಿನ ರಾತ್ರಿ ಮೂರಾಗುತ್ತದೋ ಹದಿಮೂರಾಗುತ್ತದೋ ಎಂಬುದನ್ನು ನಿರ್ಧರಿಸುವುದು ಹವಾಮಾನ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ ತಗಡಿನ ಗಾಡಿಯೊಳಗೆ ನಿದ್ದೆ ಬರುವುದಿಲ್ಲ. ಜುಲೈಯಲ್ಲಿ ಉಡುಪಿಯಲ್ಲೋ ಆಗುಂಬೆಯಲ್ಲೋ ಇದ್ದರೆ ಬಟ್ಟೆ ಒಣಗುವುದಿಲ್ಲ, ಹೊರಗೆ ಒಲೆ ಹಚ್ಚಲಾಗುವುದಿಲ್ಲ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ವರ್ಷದ ದಾರಿಯನ್ನು ಋತು ನೋಡಿ ಹಾಕಿ. ಬೇಸಿಗೆಗೆ ಕೊಡಗು, ಚಿಕ್ಕಮಗಳೂರಿನ ಎತ್ತರ. ಮಳೆಗಾಲಕ್ಕೆ ಚಿತ್ರದುರ್ಗ, ಬಾಗಲಕೋಟೆ, ವಿಜಯಪುರದಂಥ ಮಳೆ ಕಡಿಮೆಯ ಬಯಲು. ಚಳಿಗಾಲಕ್ಕೆ ಎಲ್ಲಿಯಾದರೂ ಸರಿ. ದಸರೆಗೆ ಮೈಸೂರು, ಡಿಸೆಂಬರ್ ಕೊನೆಗೆ ಗೋಕರ್ಣ ಇವುಗಳಿಂದ ದೂರವಿರಿ, ಕೋಣೆಯ ಬೆಲೆ ಏರಿರುತ್ತದೆ.

ಅಡುಗೆಗೆ ಮನೆಯ 14.2 ಕೆಜಿ ಸಿಲಿಂಡರನ್ನು ಹೊತ್ತು ತಿರುಗಬೇಡಿ. ತೈಲ ಕಂಪನಿಗಳ 5 ಕೆಜಿಯ ಸಣ್ಣ ಸಿಲಿಂಡರ್ ಸಿಗುತ್ತದೆ. ಇಂಡಿಯನ್ ಆಯಿಲ್ ಅದನ್ನು ‘ಛೋಟು’ ಎಂದು ಕರೆಯುತ್ತದೆ. ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಊರು ಬಿಟ್ಟವರಿಗೆ ಇದು ದೊಡ್ಡ ಅನುಕೂಲ. ಇಬ್ಬರಿಗೆ ಸುಮಾರು ಒಂದು ತಿಂಗಳು ಬರುತ್ತದೆ. ಕುಕ್ಕರಿನಲ್ಲಿ ಅನ್ನ, ಬೇಳೆ ಒಟ್ಟಿಗೇ ಇಟ್ಟರೆ ಇನ್ನೂ ನಾಲ್ಕು ದಿನ ಹೆಚ್ಚು. ಒಲೆ ಹಚ್ಚುವುದು ಗಾಡಿಯ ಹೊರಗೇ ಇರಲಿ. ಮಲಗುವ ಮೊದಲು ರೆಗ್ಯುಲೇಟರ್ ಆಫ್ ಮಾಡಿದೆವೇ ಎಂದು ಇಬ್ಬರೂ ನೋಡಿ.

ನೀರಿಗೆ ಬಾಟಲಿ ಕೊಳ್ಳುವ ಅಭ್ಯಾಸ ಬಿಡಿ. ದಿನಕ್ಕೆ ನಾಲ್ಕು ಬಾಟಲಿ ಎಂದರೆ ತಿಂಗಳಿಗೆ 2,400 ರೂಪಾಯಿ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಐದು ಹತ್ತು ರೂಪಾಯಿ ನಾಣ್ಯಕ್ಕೆ 20 ಲೀಟರಿನ ಕ್ಯಾನು ತುಂಬುತ್ತದೆ. ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಿ, ಚಿಲ್ಲರೆ ಇಲ್ಲದೆ ಘಟಕದ ಮುಂದೆ ನಿಂತ ಅನುಭವ ನಮಗಾಗಿದೆ. ಪೆಟ್ರೋಲ್ ಬಂಕುಗಳು ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಇವನ್ನು ಉಚಿತವಾಗಿ ಕೊಡಬೇಕೆಂಬುದು ನಿಯಮ, ಸಂಕೋಚವಿಲ್ಲದೆ ಕೇಳಿ.

ಹೊರಗೆ ಅಗ್ಗದ ಊಟ ಬೇಕಾದರೆ ದೊಡ್ಡ ಊರುಗಳಲ್ಲಿ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗ ತಿಂಡಿ 5, ಊಟ 10 ರೂಪಾಯಿ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ ಹೀಗೆ ದಾಸೋಹದ ಪಂಕ್ತಿ ನಮ್ಮಲ್ಲಿ ಎಷ್ಟೋ ಕಡೆ ಇದೆ. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ: ದಾಸೋಹವನ್ನು ಬಜೆಟ್ಟಿನ ಉಳಿತಾಯವಾಗಿ ಬರೆಯಬೇಡಿ. ಪ್ರಸಾದ ಉಂಡ ದಿನ ನಾವು ದಿನದ ಅಡುಗೆಯ 220 ರೂಪಾಯಿಯನ್ನು ಹುಂಡಿಗೆ ಹಾಕುತ್ತೇವೆ. ಇಲ್ಲವೆಂದು ಬಂದವರ ಎಲೆಯ ಮುಂದೆ ನಾವು ಲೆಕ್ಕ ಉಳಿಸಲು ಕೂತಂತೆ ಆಗಬಾರದು.

ವರ್ಷದ ಮೀಟರ್

ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೆಲ್ಲ ಬರೆದು ಕೂಡಿಸಿ ಹನ್ನೆರಡರಿಂದ ಭಾಗಿಸಿ. ನಮ್ಮದು: ಗಾಡಿಯ ವಿಮೆ 9,000. ಇಬ್ಬರ ಆರೋಗ್ಯ ವಿಮೆ 24,000. ಎರಡು ಫೋನಿನ ರೀಚಾರ್ಜು 7,200. ಟೋಲಿಗೆ 3,000. ಹೊಗೆ ತಪಾಸಣೆ ಮುಂತಾದವು 500. ಬಟ್ಟೆ, ಚಪ್ಪಲಿ, ಹೊದಿಕೆ 10,000. ಕನ್ನಡಕ, ಹಲ್ಲು, ಮಾತ್ರೆ 10,300. ಅಟ್ಟದ ಸಾಮಾನು ನೋಡಿಕೊಳ್ಳುವುದಕ್ಕೆ, ಅಂಚೆ ಕಳಿಸುವುದಕ್ಕೆ 6,000. ಊರಿಗೆ ಹೋಗಿ ಬರುವುದು, ಮದುವೆ ಮುಂಜಿಯ ಉಡುಗೊರೆ 20,000. ಒಟ್ಟು 90,000, ತಿಂಗಳಿಗೆ 7,500.

ಊರಿನ ಬಾಬತ್ತು ಕಂಡು ನಗಬೇಡಿ. ರಸ್ತೆಯಲ್ಲಿದ್ದರೂ ತಂಗಿಯ ಮಗನ ಉಪನಯನಕ್ಕೆ ಹೋಗಲೇಬೇಕು, ಅತ್ತೆಗೆ ಹುಷಾರಿಲ್ಲವೆಂದರೆ ಅವತ್ತು ರಾತ್ರಿಯೇ ಬಸ್ಸು ಹತ್ತಬೇಕು. ಗಾಡಿಯನ್ನು ಎಲ್ಲೋ ನಿಲ್ಲಿಸಿ ಬಸ್ಸಿನಲ್ಲಿ ಹೋಗಿಬರುವುದು ಗಾಡಿಯಲ್ಲೇ ಸಾವಿರ ಕಿಲೋಮೀಟರ್ ಓಡುವುದಕ್ಕಿಂತ ಅಗ್ಗ. ಕಿಲೋಮೀಟರಿಗೆ 10 ರೂಪಾಯಿ ಎಂಬುದನ್ನು ಇಲ್ಲಿಯೂ ನೆನೆಯಿರಿ.

ಆರೋಗ್ಯ ವಿಮೆ ಕೊಳ್ಳುವಾಗ ಒಂದನ್ನು ವಿಚಾರಿಸಿ. ಕೆಲವು ಪಾಲಿಸಿಗಳು ಊರುಗಳನ್ನು ವಲಯಗಳಾಗಿ ಹಂಚಿರುತ್ತವೆ. ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ, ಆದರೆ ಮಹಾನಗರದಲ್ಲಿ ಆಸ್ಪತ್ರೆ ಸೇರಿದರೆ ಬಿಲ್ಲಿನಲ್ಲಿ ಒಂದು ಪಾಲು ನಾವೇ ಕಟ್ಟಬೇಕು. ತಿರುಗುವವರಿಗೆ ಅಂಥ ಷರತ್ತಿಲ್ಲದ ಪಾಲಿಸಿಯೇ ಸರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ತೆಗೆದಿದ್ದಾರೆ, ಆ ಉಳಿತಾಯವನ್ನು ಇದಕ್ಕೇ ಹಾಕಿ.

ಗಾಡಿಯ ಕಾಗದದ ಕಡೆಯೂ ಗಮನವಿರಲಿ. ಗಾಡಿಯ ಚಾವಣಿ ಎತ್ತರಿಸುವುದು, ಸೀಟಿನ ವ್ಯವಸ್ಥೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಕೆಳಗೆ ಬರುತ್ತದೆ. ಆರ್‌ಸಿಯಲ್ಲಿ ನಮೂದಾಗದ ಬದಲಾವಣೆ ಇದ್ದರೆ ಅಪಘಾತವಾದಾಗ ವಿಮೆ ಕೈ ಕೊಡಬಹುದು. ಹಾಗೆಯೇ ಬೇರೆ ರಾಜ್ಯದಲ್ಲಿ ಗಾಡಿಯನ್ನು ಸತತ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಇದು 47ನೇ ಸೆಕ್ಷನ್. ಅಂದರೆ ಅಲ್ಲಿಯ ತೆರಿಗೆ. ಟೋಲಿನ, ಪೆಟ್ರೋಲಿನ ರಸೀದಿಗಳನ್ನು ಎಸೆಯಬೇಡಿ. ಯಾವಾಗ ಗಡಿ ದಾಟಿದೆವು ಎಂದು ತೋರಿಸಲು ಅವೇ ಸಾಕ್ಷಿ.

ಫೋನಿಗೆ ಎರಡು ಬೇರೆ ಕಂಪನಿಯ ಸಿಮ್ ಇರಲಿ, ಒಂದಕ್ಕೆ ಸಿಗ್ನಲ್ ಇಲ್ಲದ ಕಡೆ ಇನ್ನೊಂದಕ್ಕೆ ಸಿಗಬಹುದು. ಜಮ್ಮು ಕಾಶ್ಮೀರ, ಲಡಾಖಿಗೆ ಹೋಗುವವರು ಒಂದನ್ನು ಪೋಸ್ಟ್‌ಪೇಯ್ಡ್ ಮಾಡಿಕೊಳ್ಳಿ. ಹೊರರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ. ದುಡಿಮೆ ಫೋನಿನ ಮೇಲೆ ನಿಂತವರಿಗೆ ಅದು ಸಂಬಳ ಕಡಿತವಿದ್ದಂತೆ.

ಈಗ ಮೂರನ್ನೂ ಕೂಡಿಸಿ

ತಿಂಗಳಿಗೆ 600 ಕಿಲೋಮೀಟರ್ ಓಡಿದರೆ 6,000, ದಿನದ ಲೆಕ್ಕ 16,500, ವರ್ಷದ ಪಾಲು 7,500: ಒಟ್ಟು 30,000. ಸಾವಿರ ಕಿಲೋಮೀಟರಾದರೆ 34,000. ನಾವು ಮೊದಲ ತಿಂಗಳು ಮಾಡಿದಂತೆ 3,000 ಓಡಿದರೆ 54,000. ಊಟ ಅದೇ, ನಿದ್ದೆ ಅದೇ, ವ್ಯತ್ಯಾಸ ಪೂರ್ತಿ ಚಕ್ರದ್ದು. ಕಾಫಿ ಬಿಟ್ಟು, ತಿಂಡಿ ಬಿಟ್ಟು 24,000 ಉಳಿಸಲು ಯಾರಿಂದಲೂ ಆಗದು. ಒಂದೊಂದು ಊರಿನಲ್ಲೂ ಹತ್ತು ಹತ್ತು ದಿನ ನಿಂತರೆ ಆಗುತ್ತದೆ.

ಉತ್ತರ ಕರ್ನಾಟಕದಲ್ಲಿ ಕುರಿ ಹಿಂಡಿನ ಜೊತೆ ವರ್ಷದ ಬಹುಪಾಲು ದಾರಿಯಲ್ಲೇ ಇರುವ ಕುರಿಗಾರರನ್ನು ನೀವು ನೋಡಿರುತ್ತೀರಿ. ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ರೈತರು ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಅವರಿಗೆ ಗಳಿಕೆಯಾಗುವುದು ನಿಂತಾಗ. ನಮ್ಮ ಕತೆಯೂ ಅದೇ. ನಾನು ಕರಡು ತಿದ್ದುವ ಕೆಲಸ ಮಾಡುತ್ತೇನೆ, ಗಾಡಿ ಓಡುವಾಗ ಒಂದು ಪುಟವೂ ಸಾಗುವುದಿಲ್ಲ. ಓಡುವ ದಿನ ಖರ್ಚು ಹೆಚ್ಚು, ದುಡಿಮೆ ಸೊನ್ನೆ. ಆದ್ದರಿಂದ ಆದಾಯದಿಂದ ದಿನದ್ದು, ವರ್ಷದ್ದು ಕಳೆದು ಉಳಿದ ದುಡ್ಡನ್ನು ಕಿಲೋಮೀಟರಿನ ಬೆಲೆಯಿಂದ ಭಾಗಿಸಿ. ಈ ತಿಂಗಳು ಎಷ್ಟು ದೂರ ಹೋಗಬಹುದು ಎಂಬ ಉತ್ತರ ಅಲ್ಲೇ ಬರುತ್ತದೆ. ನಕ್ಷೆ ಬಿಡಿಸುವುದು ಅದಾದ ಮೇಲೆ.

ಆದಾಯ ತಿಂಗಳು ತಿಂಗಳು ಒಂದೇ ಸಮ ಬಾರದಿದ್ದರೆ ವಾರದ ಸಂಬಳ ಕೊಟ್ಟುಕೊಳ್ಳಿ. ಬಂದದ್ದೆಲ್ಲ ಒಂದು ಖಾತೆಗೆ. ಪ್ರತಿ ಸೋಮವಾರ 3,850 ರೂಪಾಯಿ, ಅಂದರೆ ಏಳು ದಿನದ 550, ಇನ್ನೊಂದು ಖಾತೆಗೆ. ಫೋನಿನ ಯುಪಿಐ ಆ ಎರಡನೇ ಖಾತೆಗೆ ಮಾತ್ರ ಜೋಡಿಸಿರಲಿ. ಶನಿವಾರ ಕಡಿಮೆಯಾದರೆ ಭಾನುವಾರ ಗಂಜಿ ಉಪ್ಪಿನಕಾಯಿ. ತಿಂಗಳ ಕೊನೆಗೆ ಒಮ್ಮೆಲೇ ಬೀಳುವ ಪೆಟ್ಟಿಗಿಂತ ಇದು ಹಗುರ.

ಹೊರಡುವ ಮೊದಲು ಎತ್ತಿಡಬೇಕಾದ ಎರಡು ಗಂಟು

ಒಂದು ರಿಪೇರಿಯ ಗಂಟು, 40,000 ರೂಪಾಯಿ. ಟೈರು ಸರ್ವಿಸಿನ 2 ರೂಪಾಯಿ ಬೇರೆ, ಇದು ಬೇರೆ. ಇಂಜಿನ್ನಿಗೆ ಪೆಟ್ಟಾಗುವುದು, ಗಾಡಿ ಎಳೆಸುವುದು, ನಗದು ಕೇಳುವ ಸಣ್ಣ ಊರಿನ ಆಸ್ಪತ್ರೆ ಇಂಥವಕ್ಕೆ. ಗಾಡಿ ಗ್ಯಾರೇಜಿನಲ್ಲಿದ್ದರೆ ನಮ್ಮ ಮನೆಯೇ ಗ್ಯಾರೇಜಿನಲ್ಲಿದ್ದಂತೆ, ಆ ಐದಾರು ರಾತ್ರಿಯ ಲಾಡ್ಜೂ ಈ ಗಂಟಿನಿಂದಲೇ.

ಇನ್ನೊಂದು ಮರಳುವ ಗಂಟು. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಬೆನ್ನು ನೋವು ಬರಬಹುದು, ಹಿರಿಯರನ್ನು ನೋಡಿಕೊಳ್ಳಬೇಕಾಗಬಹುದು, ಸುಮ್ಮನೆ ಸಾಕೆನಿಸಬಹುದು. ಆಗ ಮನೆ ಹಿಡಿಯಲು ದುಡ್ಡಿಲ್ಲವೆಂಬ ಕಾರಣಕ್ಕೆ ರಸ್ತೆಯಲ್ಲೇ ಉಳಿಯುವಂತಾಗಬಾರದು. ಶಿವಮೊಗ್ಗದ ಕಡೆ ಸಾಧಾರಣ ಮನೆಗೆಂದು ನಾವು ಹಾಕಿಕೊಂಡ ಲೆಕ್ಕ: ಅಡ್ವಾನ್ಸ್ 60,000, ಮೂರು ತಿಂಗಳ ಬಾಡಿಗೆ 30,000, ಮೂರು ತಿಂಗಳ ಮನೆಖರ್ಚು 45,000, ಮಂಚ ಪಾತ್ರೆ ಸಾಗಾಟ 15,000. ಒಟ್ಟು 1,50,000. ಬೆಂಗಳೂರಿನವರು ಅಡ್ವಾನ್ಸಿನ ಮೊತ್ತವನ್ನು ತಮ್ಮ ಬಡಾವಣೆಗೆ ತಕ್ಕಂತೆ ಏರಿಸಿಕೊಳ್ಳಿ. ಇದು ಎಫ್‌ಡಿಯಲ್ಲಿರಲಿ, ಫೋನಿನಿಂದ ತಟ್ಟನೆ ಮುರಿಯಲಾಗದ ಕಡೆ.

ಇವೆರಡೂ ಕೈಯಲ್ಲಿಲ್ಲದಿದ್ದರೆ ಹೊರಡುವುದನ್ನು ಆರು ತಿಂಗಳು ಮುಂದೂಡಿ. ಆ ಆರು ತಿಂಗಳಲ್ಲಿ ಮನೆ ಬಿಡದೆ ಒಂದು ತಿಂಗಳು ಗಾಡಿಯಲ್ಲಿ ಬದುಕಿ ನೋಡಿ. ಮೂವತ್ತು ದಿನ, ನಿಮ್ಮ ಜಿಲ್ಲೆಯೊಳಗೇ ಆದರೂ ಸರಿ. ಅಂಗಳದಲ್ಲಿ ನಿಲ್ಲಿಸಿ ಮಲಗಿದ್ದು ಲೆಕ್ಕಕ್ಕಿಲ್ಲ. ಬಚ್ಚಲು, ನೀರು, ಚಾರ್ಜಿಂಗು ಎಲ್ಲವನ್ನೂ ಹೊರಗೆ ಹುಡುಕಬೇಕು. ಬಂದ ಖರ್ಚನ್ನು ಮೂರು ಪುಟಗಳಲ್ಲಿ ಬರೆಯಿರಿ: ಕಿಲೋಮೀಟರ್, ದಿನ, ವರ್ಷ.

ಪ್ರತಿ ರಾತ್ರಿ ದೀಪ ಆರಿಸುವ ಮೊದಲು ನಮ್ಮಲ್ಲಿ ಒಬ್ಬರು ರೀಡಿಂಗ್ ಓದುತ್ತೇವೆ, ಇನ್ನೊಬ್ಬರು ಬರೆಯುತ್ತೇವೆ. ಎರಡು ನಿಮಿಷದ ಕೆಲಸ. ನಿನ್ನೆಯ ಸಾಲು ಹೀಗಿದೆ: ಓಡಿದ್ದು 0, ಖರ್ಚು 410, ಮಲಗಿದ್ದು ದೇವಸ್ಥಾನದ ಅಂಗಳ, ಅರ್ಚಕರನ್ನು ಕೇಳಿ.